ಕೈಗೆ ಗೊತ್ತಿದ್ದ ಗುಂಡಿ

"ಕೈ ಹಿಂದೆ ಕಟ್ಕೊಂಡು ನಿಂತ್ಕೋ," ಅಂದರು ಡೆಲ್. "ಗಾಜಿನ ಸಾಮಾನಿನ ಅಂಗಡಿಗೆ ಕರ್ಕೊಂಡ್ ಹೋದಾಗ ನಿಮ್ಮಮ್ಮ ಹೇಳಿರ್ತಾರಲ್ಲ, ಹಾಗೆ. ನೋಡು, ಎಷ್ಟ್ ಪ್ರಶ್ನೆ ಬೇಕಾದ್ರೂ ಕೇಳು. ಮುಟ್ಟೋದು ಮಾತ್ರ ಬೇಡ."

ಟಾರಿನ್ ತಲೆಯಾಡಿಸಿ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡಳು. ಆಪರೇಷನ್ ಥಿಯೇಟರಿನ ಚಳಿಗೆ ಯಾರಿಗಾದರೂ ನಿದ್ದೆ ಹಾರಿಹೋಗಬೇಕು. ಅವಳಿಗೆ ಹಾಗೇನೂ ಆಗಲಿಲ್ಲ. ಹಿಂದಿನ ಮೂರು ದಿನವೂ ಇದೇ ಆಸ್ಪತ್ರೆಯ ಐಸಿಯುನಲ್ಲಿ ನರ್ಸಾಗಿ ಬೆಳಗಿನಿಂದ ಸಂಜೆಯವರೆಗೆ ದುಡಿದು, ರಜೆಯ ದಿನವಾದ ಇವತ್ತು ಮತ್ತೆ ಕತ್ತಲಲ್ಲೇ ಎದ್ದು ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಬಂದಿದ್ದಳು. ಅಮೆರಿಕದ ಈ ಈರಿ ಊರಿನಲ್ಲಿ ನವೆಂಬರ್ ಬಂತೆಂದರೆ ಕೆರೆದಷ್ಟೂ ಹಿಮ. ಸರೋವರದ ಕಡೆಯಿಂದ ಮೋಡ ಬಂದು ಸುರಿದು ಹೋಗುತ್ತದೆ, ಮತ್ತೆ ಬರುತ್ತದೆ. ಗಂಡ ಕೋಡಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು. ಅವನು ಮನೆಗೆ ಬರುವ ಹೊತ್ತಿಗೆ ಇವಳು ಹೊರಡುವುದು, ಇವಳು ಬರುವ ಹೊತ್ತಿಗೆ ಅವನು ಹೊರಡುವುದು. ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದ್ದು ಯಾವಾಗ ಎಂದು ಕೇಳಿದರೆ ಇಬ್ಬರೂ ಯೋಚಿಸಬೇಕಾಗುತ್ತಿತ್ತು.

ಅರಿವಳಿಕೆ ಕೊಡುವ ನರ್ಸ್ ಆಗಬೇಕೆಂದರೆ ಮತ್ತೆ ಮೂರು ವರ್ಷ ಓದಬೇಕು. ಆ ಓದಿಗೆ ಟಾರಿನ್ ಅರ್ಜಿ ಹಾಕುತ್ತಿರುವುದು ಇದೇ ಮೊದಲು. ಮೂವತ್ನಾಲ್ಕನೆಯ ವಯಸ್ಸಿನಲ್ಲಿ ರಸಾಯನಶಾಸ್ತ್ರದ ಪುಸ್ತಕ ಹಿಡಿದು ಪರೀಕ್ಷೆ ಬರೆದದ್ದಾಗಿತ್ತು. ತನಗೆ ಈ ಕೆಲಸದ ಮೇಲೆ ಎಷ್ಟು ಪ್ರೀತಿ ಎಂದು ಎರಡು ಪುಟ ಬರೆದದ್ದೂ ಆಗಿತ್ತು. ಉಳಿದದ್ದು ಒಂದೇ. ಅರಿವಳಿಕೆ ಕೊಡುವವರೊಬ್ಬರು ಅವಳನ್ನು ಒಂದು ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿ, ಈಕೆ ಈ ಕೆಲಸಕ್ಕೆ ಆಗುತ್ತಾಳೆ ಎಂದು ಅದನ್ನು ಕಲಿಸುವ ಶಾಲೆಗೆ ಬರೆದು ಕಳಿಸಬೇಕು. ನಾಲ್ಕು ಜನರನ್ನು ಕೇಳಿದ ಮೇಲೆ ಒಪ್ಪಿದವರು ಡೆಲ್ ಒಸ್ಟ್ರಾಂಡರ್ ಒಬ್ಬರೇ. ಇವತ್ತು ಮಂಗಳವಾರ. ಶುಕ್ರವಾರಕ್ಕೆ ಅರ್ಜಿಯ ಬಾಗಿಲು ಮುಚ್ಚುತ್ತದೆ.

ಐಸಿಯುನಲ್ಲಿ ಸುದ್ದಿ ಹರಡಲು ಅರ್ಧ ದಿನವೂ ಬೇಕಾಗಿರಲಿಲ್ಲ. ಪಾಳಿಯ ಮುಖ್ಯಸ್ಥೆ ಯೋಲಂಡಾ ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟಿದ್ದಳು. "ಏನೇ, ನೀನೂ ಬಸ್ ಹತ್ತೋಕೆ ಹೊರಟ್ಯಾ? ನಮ್ಮ ಐಸಿಯು ಅಂದ್ರೆ ಬಸ್‌ಸ್ಟ್ಯಾಂಡ್ ಆಗೋಯ್ತು ಕಣೇ. ಬರ್ತಾರೆ, ಎರಡು ವರ್ಷ ಕಾಲು ಚಾಚ್ಕೊಂಡು ಕೂತಿರ್ತಾರೆ, ಬಸ್ ಬಂತು ಅಂತ ಎದ್ದು ಹೋಗ್ತಾರೆ."

"ನಾನು ಕೂತು ಎಂಟು ವರ್ಷ ಆಯ್ತಲ್ಲೇ, ಯೋಲಿ."

"ಅದಕ್ಕೇ ಹೇಳ್ತಿರೋದು. ನೀನು ಬೆಂಚಿನ ಜೊತೆಗೇ ಬಂದಿದ್ದೀಯ ಅಂದ್ಕೊಂಡಿದ್ದೆ." ನಗಿಸಿ, ನಕ್ಕು, ಹೋಗುವಾಗ ಯೋಲಂಡಾ ಇವಳ ಬೆನ್ನಿನ ಮೇಲೆ ಒಂದು ಏಟು ಕೊಟ್ಟು ಹೋಗಿದ್ದಳು. ಅದರಲ್ಲಿ ಸಿಟ್ಟು ಎಷ್ಟು, ಅಕ್ಕರೆ ಎಷ್ಟು ಎಂದು ಟಾರಿನ್‌ಗೆ ಗೊತ್ತಾಗಿರಲಿಲ್ಲ.

ಅರ್ಜಿಯ ಆ ಎರಡು ಪುಟದಲ್ಲಿ ಬರೆಯದೇ ಬಿಟ್ಟ ಮಾತೊಂದಿತ್ತು. ಸೆಪ್ಟೆಂಬರಿನ ಒಂದು ಸಂಜೆ ಕೋಡಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೂಟು ಹಾಕಿಕೊಳ್ಳುತ್ತ, "ಇವತ್ತು ಹೇಗಿತ್ತು?" ಎಂದು ಕೇಳಿದ್ದ. "ಏನೂ ಇಲ್ಲ, ದಿನದ ಹಾಗೇ," ಅಂದಿದ್ದಳು. ಅವನು ಹೋಗಿ ಎಷ್ಟೋ ಹೊತ್ತಿನ ಮೇಲೆ, ಮೈಕ್ರೋವೇವಿನಲ್ಲಿ ಸೂಪು ಸುತ್ತುತ್ತಿರುವಾಗ, ಆ ದಿನ ತನ್ನ ಕೈಯಲ್ಲೇ ಇಬ್ಬರು ತೀರಿಕೊಂಡಿದ್ದರೆಂದು ನೆನಪಾಯಿತು. ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಮರೆತಿದ್ದಳು. ಆಗ ಅವಳಿಗೆ ಭಯವಾಯಿತು. ಇಲ್ಲಿಂದ ಹೊರಗೆ ಹೋಗಬೇಕು ಅನ್ನಿಸಿದ್ದು ಅವತ್ತು. ಎಲ್ಲಿಗೆ ಎನ್ನುವುದು ಆಮೇಲೆ ಹೊಳೆದದ್ದು.

ಮೊದಲ ಆಪರೇಷನ್ ಒಂದು ಮಂಡಿಯದು. ಸುಸೂತ್ರವಾಗಿ ಮುಗಿಯಿತು. ಎರಡನೆಯದು ಪಿತ್ತಕೋಶದ್ದು. ಶಾಲೆಯ ಬಸ್ ಓಡಿಸುವ ವೆಂಡೆಲ್ ಪೈಕ್ ಎಂಬ ದಪ್ಪ ಮನುಷ್ಯ ಮೇಜಿನ ಮೇಲೆ ಮಲಗಿಕೊಂಡು, ಚಾವಣಿಯ ದೀಪಗಳನ್ನು ನೋಡುತ್ತ ಬೆವರುತ್ತಿದ್ದ.

"ಮಧ್ಯದಲ್ಲಿ ಎಚ್ಚರ ಆಗ್ಬಿಟ್ರೆ?"

"ಆಗಲ್ಲ, ಯಜಮಾನ್ರೇ," ಅಂದರು ಡೆಲ್. "ನಿಮ್ಮ ಬಸ್ಸಲ್ಲಿ ಕಿರಿಚೋ ಆ ಹುಡುಗರೆಲ್ಲ ಇಲ್ಲಿಗೆ ಬಂದ್ರೂ ಆಗಲ್ಲ. ಯಾವ ಜಾಗಕ್ಕಾದ್ರೂ ಹೋಗ್ಬೇಕು ಅಂತಿದ್ರೆ ಹೇಳಿ, ಅದನ್ನೇ ನೆನೆಸ್ಕೊಳ್ಳಿ."

"ನನ್ನ ಮನೆ ಸೋಫಾ."

"ಅಷ್ಟು ದೂರಾನಾ!" ಅನ್ನುತ್ತಲೇ ಡೆಲ್ ನಾಳದೊಳಗೆ ಬಿಳಿಯ ಔಷಧಿ ತಳ್ಳಿದರು. ವೆಂಡೆಲ್ ನಗಲು ಬಾಯಿ ತೆರೆದವನು ಹಾಗೇ ನಿದ್ದೆಹೋದ. ಉಸಿರಿನ ಕೊಳವೆ ಇಳಿಸಿ, ಟೇಪು ಹಚ್ಚಿ, ಯಂತ್ರಕ್ಕೆ ಜೋಡಿಸುವವರೆಗೂ ಡೆಲ್ ಅವರ ಬಾಯಿ ಒಂದೇ ಸಮನೆ ಏನೋ ಹರಟುತ್ತಿತ್ತು. ಕಣ್ಣು ಮಾತ್ರ ರೋಗಿಯ ಎದೆ ಬಿಟ್ಟು ಕದಲಲಿಲ್ಲ. ಟಾರಿನ್‌ಗೆ ಅದನ್ನು ನೋಡುವುದು ಇಷ್ಟವಾಯಿತು. ಬಹಳ ದಿನಗಳ ಮೇಲೆ ಏನೋ ಒಂದು ಇಷ್ಟವಾಗಿದೆ ಎಂಬುದೂ ಅವಳ ಗಮನಕ್ಕೆ ಬಂತು.

ಸರ್ಜನ್ ರೋಗಿಯ ಹೊಟ್ಟೆಯೊಳಗೆ ಗಾಳಿ ತುಂಬಿಸಿ ತನ್ನ ಕೆಲಸ ಶುರುಮಾಡಿದ. ಒಳಗಿಳಿಸಿದ ಕ್ಯಾಮೆರಾದ ಚಿತ್ರ ಕಾಣಲೆಂದು ದೀಪ ಮಬ್ಬು ಮಾಡಿದರು. ಡೆಲ್ ಬೆನ್ನು ತಿರುಗಿಸಿ, ಹಿಂದಿನ ಗಾಡಿಯ ಮೇಲೆ ಮುಂದಿನ ಔಷಧಿಯನ್ನು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದರು. ನಾಡಿ ಬಡಿದಂತೆಲ್ಲ ಮಾನಿಟರ್ ಟಿಣ್ ಟಿಣ್ ಎನ್ನುತ್ತಿತ್ತು. ಐಸಿಯುನಲ್ಲಿ ಆ ಸದ್ದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹದಿನಾರು ಹಾಸಿಗೆಯ ಟಿಣ್ ಟಿಣ್ ಕೇಳುತ್ತ ಕೂತರೆ ತಲೆ ಕೆಡುತ್ತದೆ. ಅಲ್ಲಿ ಉಳಿಸಿಕೊಂಡಿರುವುದು ಅಲಾರಂ ಒಂದನ್ನೇ. ಅದೂ ದಿನಕ್ಕೆ ನೂರಾರು ಸಲ ಕೂಗುತ್ತದೆ. ರೋಗಿ ಕೆಮ್ಮಿದರೆ ಕೂಗುತ್ತದೆ, ಮಗ್ಗುಲಾದರೆ ಕೂಗುತ್ತದೆ, ಬೆರಳಿನ ಕ್ಲಿಪ್ಪು ಜಾರಿದರೆ ಕೂಗುತ್ತದೆ. ನರ್ಸುಗಳು ಮಾತಾಡುತ್ತಲೇ ಹೋಗಿ, ಮಾತಾಡುತ್ತಲೇ ಸದ್ದು ನಿಲ್ಲಿಸುವ ಗುಂಡಿ ಒತ್ತಿ, ಮಾತಾಡುತ್ತಲೇ ವಾಪಸು ಬರುತ್ತಾರೆ.

ಟಾರಿನ್ ಗೋಡೆಗೆ ಆತು ನಿಂತಿದ್ದಳು. ಕಣ್ಣು ತೆರೆದೇ ಇತ್ತು. ಅಲಾರಂ ಕೂಗಿತು. ಅವಳು ಎರಡು ಹೆಜ್ಜೆ ಮುಂದೆ ಬಂದು, ಮಾನಿಟರಿನ ಎಡಗಡೆಯ ಮೂಲೆಯ ಗುಂಡಿ ಒತ್ತಿ, ಮತ್ತೆ ಹಿಂದೆ ಹೋಗಿ ಗೋಡೆಗೆ ಆತುಕೊಂಡಳು.

ಡೆಲ್ ಆಗಲೇ ರೋಗಿಯ ಕಡೆ ತಿರುಗಿದ್ದರು. ಅಲಾರಂ ಕೂಗುವ ಮೊದಲೇ ಆ ಟಿಣ್ ಟಿಣ್ ಸ್ವರ ಇಳಿಯುತ್ತಿರುವುದು ಅವರ ಕಿವಿಗೆ ಬಿದ್ದಿತ್ತು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದ ಹಾಗೆಲ್ಲ ಆ ಸ್ವರ ಮೆಟ್ಟಿಲು ಇಳಿದಂತೆ ಕೆಳಗಿಳಿಯುತ್ತದೆ. ಅವರು ಸ್ಟೆತಾಸ್ಕೋಪನ್ನು ಹೊದಿಕೆಯೊಳಗೆ ತೂರಿಸಿ ಬಲಗಡೆ ಕೇಳಿದರು, ಎಡಗಡೆ ಕೇಳಿದರು. ಎಡಗಡೆ ಉಸಿರಿನ ಸದ್ದೇ ಇರಲಿಲ್ಲ. "ಒಂದ್ನಿಮಿಷ ನಿಲ್ಲಿಸಿ, ಡಾಕ್ಟ್ರೇ," ಅಂದರು, ಉಪ್ಪಿನ ಡಬ್ಬಿ ಈಕಡೆ ಕೊಡಿ ಅನ್ನುವ ದನಿಯಲ್ಲಿ. ಹೊಟ್ಟೆಯ ಗಾಳಿಯ ಒತ್ತಡಕ್ಕೆ ಉಸಿರಿನ ಕೊಳವೆಯ ತುದಿ ಒಂದೇ ಶ್ವಾಸಕೋಶದೊಳಗೆ ಜಾರಿತ್ತು. ಟೇಪು ಸಡಿಲಿಸಿ ಕೊಳವೆಯನ್ನು ಒಂದಿಷ್ಟು ಮೇಲೆಳೆದರು. ಸ್ವರ ಮೆಲ್ಲಗೆ ಮತ್ತೆ ಮೇಲೇರಿತು.

"ಹ್ಞಾಂ, ಈಗ ಮುಂದುವರಿಸಿ." ಆಮೇಲೆ, ಯಾರ ಮುಖವನ್ನೂ ನೋಡದೆ, "ಅಲಾರಂ ಆಫ್ ಮಾಡಿದ್ದು ಯಾರು?"

ಥಿಯೇಟರ್ ನರ್ಸ್ ಟ್ರೂಡಿ ಮೂಲೆಯ ಕಂಪ್ಯೂಟರಿನಿಂದ ತಲೆಯೆತ್ತಿದಳು. ಒಳ್ಳೆಯ ಹೆಂಗಸು, ಬೆಳಿಗ್ಗೆ ಟಾರಿನ್‌ಗೆ ತಲೆಯ ಟೋಪಿ ಕಟ್ಟಿಕೊಟ್ಟವಳೂ ಅವಳೇ. "ನಂದೇ ಮೊಣಕೈ ತಾಗಿರ್ಬೇಕು, ಡೆಲ್. ಈಗಷ್ಟೇ ಆಕಡೆ ಬಂದಿದ್ನಲ್ಲ."

ದಾರಿ ತೆರೆದೇ ಇತ್ತು. ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. ಟಾರಿನ್ ತನ್ನ ಬಲಗೈಯನ್ನು ನೋಡಿಕೊಂಡಳು. ಒತ್ತಿದ್ದು ಅವಳಿಗೆ ನೆನಪೇ ಇರಲಿಲ್ಲ. ಬೆರಳ ತುದಿಗೆ ಮಾತ್ರ ಗುಂಡಿಯ ತಣ್ಣನೆಯ ಪ್ಲಾಸ್ಟಿಕ್ಕು ಇನ್ನೂ ಅಂಟಿಕೊಂಡ ಹಾಗಿತ್ತು.

"ಅಲ್ಲ," ಅಂದಳು. "ನಾನು. ನಾನು ಒತ್ತಿದೆ."

ಸರ್ಜನ್ ಒಮ್ಮೆ ನಡುವೆ ಕಟ್ಟಿದ್ದ ಬಟ್ಟೆಯ ಪರದೆಯ ಮೇಲಿನಿಂದ ಇವಳನ್ನು ನೋಡಿ ಮತ್ತೆ ತಲೆ ತಗ್ಗಿಸಿದ. ಡೆಲ್ ಟೇಪನ್ನು ಗಟ್ಟಿಮಾಡಿ ಅಂಟಿಸಿದರು. ಉಳಿದ ಹೊತ್ತೆಲ್ಲ ಟಾರಿನ್ ಕೈ ಹಿಂದೆ ಕಟ್ಟಿಕೊಂಡು, ಒಂದು ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಈಗ ನಿದ್ದೆ ಪೂರ್ತಿ ಹಾರಿಹೋಗಿತ್ತು.

ಆಪರೇಷನ್ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಡೆಲ್ ಪೆಪ್ಪರೋನಿ ಮಾಂಸ ತುಂಬಿದ ಬನ್ನು ಎರಡು ತಂದು ಒಂದನ್ನು ಅವಳ ಮುಂದೆ ತಳ್ಳಿದರು. ಅವಳಿಗೆ ತಿನ್ನಲಾಗಲಿಲ್ಲ. ಅವರು ತಮ್ಮದನ್ನು ಪೂರ್ತಿ ತಿಂದು, ಬಾಯಿ ಒರೆಸಿಕೊಂಡು, ಆಮೇಲೆ ಮಾತಿಗೆ ಶುರುಮಾಡಿದರು.

"ಮೊದಲು ಒಂದು ಮಾತು. ಆ ಮನುಷ್ಯನಿಗೆ ಏನೂ ಆಗ್ಲಿಲ್ಲ. ನೀನು ಒತ್ತದೇ ಇದ್ದಿದ್ರೂ ನಾನು ಅಷ್ಟು ಹೊತ್ತಿಗೇ ತಿರುಗ್ತಿದ್ದೆ. ಅದನ್ನ ತಲೆ ಮೇಲೆ ಹೊತ್ಕೊಂಡು ಮನೆಗೆ ಹೋಗ್ಬೇಡ."

"ಹ್ಞೂಂ."

"ಎರಡನೇದು. ಯಾಕೆ ಒತ್ದೆ?"

"ಗೊತ್ತಿಲ್ಲ." ಬನ್ನನ್ನು ಪಕ್ಕಕ್ಕೆ ಸರಿಸಿ ಹೇಳಿದಳು, "ಕೂಗ್ತಾ ಇತ್ತು."

ಡೆಲ್ ನಗಲಿಲ್ಲ. "ಕೂಗಿದ್ದು ಕೇಳಿಸ್ತಾ?"

ಟಾರಿನ್‌ಗೆ ಕೇಳಿಸಿರಲಿಲ್ಲ. ಕೈಗೆ ಕೇಳಿಸಿತ್ತು, ಅವಳಿಗೆ ಕೇಳಿಸಿರಲಿಲ್ಲ. ಇದನ್ನು ಹೇಗೆ ಹೇಳುವುದೆಂದು ತಿಳಿಯದೆ, ತಾನು ಕಾಗದದಲ್ಲಿ ಬರೆಯದೆ ಬಿಟ್ಟದ್ದನ್ನೇ ಹೇಳಿದಳು: ಕೋಡಿ ಕೇಳಿದ್ದು, ತಾನು ಏನೂ ಇಲ್ಲ ಅಂದದ್ದು, ಸೂಪು ಸುತ್ತುತ್ತಿದ್ದದ್ದು. "ನನಗೆ ಈ ಕೆಲಸದ ಮೇಲೆ ಪ್ರೀತಿನೋ, ಆ ಕೆಲಸದಿಂದ ಓಡಿಹೋಗೋ ಆಸೆನೋ, ನಿಜವಾಗ್ಲೂ ಗೊತ್ತಿಲ್ಲ, ಡೆಲ್. ಸುಸ್ತಾಗಿದೆ ಅಷ್ಟೇ. ಮಲಗಿದ್ರೆ ಹೋಗೋ ಸುಸ್ತಲ್ಲ ಇದು."

"ನನ್ನ ಹತ್ರ ಬರೋರೆಲ್ಲ ಹೃದಯ, ಶ್ವಾಸಕೋಶ ಅಂದ್ರೆ ನಂಗೆ ಪ್ರಾಣ ಅಂತಾರೆ," ಅಂದರು ಡೆಲ್. "ಸುಸ್ತಾಗಿದೆ ಅಂದೋಳು ನೀನೇ ಮೊದಲು." ಕಾಫಿಯ ಕಾಗದದ ಲೋಟವನ್ನು ಅಂಗೈಯಲ್ಲಿ ತಿರುಗಿಸಿದರು. "ನೋಡಮ್ಮಾ, ಸುಸ್ತಾಗಿದೆ ಅಂತ ಬಂದ್ರೆ ಇಲ್ಲಿ ಸುಸ್ತು ಕಡಿಮೆ ಏನಲ್ಲ. ಇಲ್ಲಿ ಕಿವಿ ಮುಚ್ಚಿಕೊಳ್ಳೋಕೂ ಆಗಲ್ಲ. ನಾನು ಬರೀತೀನಿ. ಆದ್ರೆ ನೋಡಿದ್ದನ್ನೆಲ್ಲ ಬರೀತೀನಿ. ನಿನ್ನ ಕೈ ಮಾಡಿದ್ದೂ ಬರೀತೀನಿ, ಬಾಯಿ ಹೇಳಿದ್ದೂ ಬರೀತೀನಿ. ಅರ್ಧ ಬರೆದು ನಂಗೆ ಅಭ್ಯಾಸ ಇಲ್ಲ. ಬೇಡ ಅನ್ನಿಸಿದ್ರೆ ಗುರುವಾರ ಸಂಜೆ ಒಳಗೆ ಒಂದು ಮೆಸೇಜು ಹಾಕು. ಏನೂ ಬರೆಯಲ್ಲ, ಬೇಜಾರೂ ಮಾಡ್ಕೊಳ್ಳಲ್ಲ."

ಮುಟ್ಟಬೇಡ ಎಂದದ್ದನ್ನು ಮುಟ್ಟಿದಳು ಎಂದು ಓದಿದ ಮೇಲೆ ಯಾವ ಶಾಲೆ ಕರೆಯುತ್ತದೆ? ಬುಧವಾರವೆಲ್ಲ ಮಲಗಿ ಎದ್ದರೂ ಟಾರಿನ್‌ಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಒಂದು ಸಲ ಬೇಡವೆಂದು ತಳ್ಳಿಹಾಕಿದ ಹೆಸರನ್ನು ಮುಂದಿನ ವರ್ಷವೂ ಅದೇ ಜನ ನೋಡುತ್ತಾರೆ. ಈ ವರ್ಷ ಸುಮ್ಮನಿದ್ದು, ಮುಂದಿನ ವರ್ಷ ಬೇರೆ ಯಾರನ್ನಾದರೂ ಹಿಡಿಯುವುದು ಜಾಣತನ. ಕೋಡಿಗೆ ಹೇಳಿದಾಗ ಅವನೂ ಅದನ್ನೇ ಹೇಳಿದ. "ಯಾರಿಗೂ ಗೊತ್ತಾಗಲ್ವಲ್ಲ, ಬಿಡು," ಅಂದ, ಪ್ರೀತಿಯಿಂದಲೇ. ಗುರುವಾರ ಬೆಳಿಗ್ಗೆ ಐಸಿಯುಗೆ ಬರುವಾಗ ಅವಳ ಫೋನಿನಲ್ಲಿ ಡೆಲ್ ಅವರಿಗೆ ಬರೆದ ಮೆಸೇಜು ಸಿದ್ಧವಾಗಿತ್ತು: ಈ ವರ್ಷ ಬೇಡ, ತುಂಬಾ ಥ್ಯಾಂಕ್ಸ್. ಊಟದ ಹೊತ್ತಿಗೆ ಕಳಿಸಿದರಾಯಿತು ಎಂದುಕೊಂಡಿದ್ದಳು.

ಅವತ್ತು ಅವಳ ಪಾಲಿಗೆ ಬಂದದ್ದು ಹಿಂದಿನ ವಾರವೂ ನೋಡಿಕೊಂಡಿದ್ದ ಸ್ಟ್ಯಾನ್ಲಿ ಮಜುರ್. ನ್ಯುಮೋನಿಯಾ ಆಗಿ ವೆಂಟಿಲೇಟರಿನ ಮೇಲೆ ಮಲಗಿದ್ದ ಮುದುಕ. ಅವನ ಹೆಂಡತಿ ಜೆನಿವೀವ್ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪೇಪರಿನ ಪದಬಂಧ ತುಂಬುತ್ತ, ಹೊಳೆಯದ ಪದಗಳನ್ನು ಗಂಡನನ್ನು ಕೇಳುತ್ತ, ಅವನು ಉತ್ತರಿಸದಿದ್ದಾಗ ತಾನೇ ಗದರಿಕೊಳ್ಳುತ್ತ ಕೂತಿರುತ್ತಿದ್ದಳು.

ಪಕ್ಕದ ಕೋಣೆಯಲ್ಲಿದ್ದ ಟಾರಿನ್‌ಗೆ ಅಲಾರಂ ಕೇಳಿಸಿತು. ನಿಜವಾಗಿಯೂ ಕೇಳಿಸಿತು, ಮಂಗಳವಾರದಿಂದ ಅವಳಿಗೆ ಎಲ್ಲವೂ ಕೇಳಿಸತೊಡಗಿತ್ತು, ಅದೊಂದು ಹಿಂಸೆಯೇ ಆಗಿತ್ತು. ಕೈಗವಸು ಕಳಚಿ ಹೊರಡುವಷ್ಟರಲ್ಲಿ ಅದು ನಿಂತಿತು. ಯೋಲಂಡಾ ಒತ್ತಿರಬೇಕು ಅಂದುಕೊಂಡು ಬಾಗಿಲಿಗೆ ಬಂದಳು. ಯೋಲಂಡಾ ಕೋಣೆಯಲ್ಲೇ ಇರಲಿಲ್ಲ. ಜೆನಿವೀವ್ ಮಾನಿಟರಿನ ಪಕ್ಕದಿಂದ ಕುರ್ಚಿಗೆ ವಾಪಸು ಬರುತ್ತಿದ್ದಳು.

"ನೀನು ಓಡಿ ಬರ್ಬೇಡ ಮಗಳೇ, ನಾನೇ ಒತ್ತಿಬಿಟ್ಟೆ," ಅಂದಳು ಮುದುಕಿ, ಮುಖ ಅರಳಿಸಿಕೊಂಡು. "ಎಡಗಡೆ ಮೂಲೇದು, ಅಲ್ವಾ? ಹೋದ ವಾರ ನೀನು ಮಾಡೋದನ್ನ ನೋಡಿ ನೋಡಿ ಕಲ್ತ್ಕೊಂಡೆ. ಅಷ್ಟು ಸಣ್ಣ ಕೆಲಸಕ್ಕೆ ನಿಮ್ಮನ್ಯಾಕೆ ಓಡಾಡಿಸ್ಲಿ? ಪಾಪ, ನೀವೂ ಸುಸ್ತಾಗಿರ್ತೀರ."

ಟಾರಿನ್ ಮಾನಿಟರಿನ ಹತ್ತಿರ ಹೋದಳು. "ಬೆಳಗಿಂದ ಎಷ್ಟು ಸಲ ಒತ್ತಿದ್ರಿ?"

"ಲೆಕ್ಕ ಯಾರಿಟ್ರು?"

ಮಾನಿಟರಿನಲ್ಲಿ ಆಮ್ಲಜನಕದ ಸಂಖ್ಯೆ ಎಂಬತ್ತೇಳು ತೋರಿಸುತ್ತಿತ್ತು. ಟಾರಿನ್ ಸ್ಟ್ಯಾನ್ಲಿಯ ಎದೆಗೆ ಕಿವಿಗೊಟ್ಟಳು. ಒಳಗೆ ಕಫ ಗೊರಗೊರ ಅನ್ನುತ್ತಿತ್ತು. ಸಣ್ಣ ನಳಿಕೆ ಇಳಿಸಿ ಕಫ ಎಳೆದು ತೆಗೆದಳು. ಮುದುಕ ಕಣ್ಣು ಬಿಗಿದು ಕೆಮ್ಮಿದ, ಮತ್ತೆ ಸಡಿಲಾದ. ಸಂಖ್ಯೆ ಮೆಲ್ಲಮೆಲ್ಲಗೆ ಏರಿ ತೊಂಬತ್ತೈದಕ್ಕೆ ಬಂದು ನಿಂತಿತು. ಕುರ್ಚಿಯಲ್ಲಿದ್ದ ಜೆನಿವೀವ್‌ಳ ಮುಖ ಸಣ್ಣದಾಗಿತ್ತು.

"ನಾನು ತಪ್ಪು ಮಾಡಿದ್ನಾ?"

"ಇಲ್ಲ," ಅಂದಳು ಟಾರಿನ್. ಆಕೆಯ ಮುಂದೆ ಮಂಡಿಯೂರಿ ಕೂತಳು. "ತಪ್ಪು ಮಾಡಿದ್ದು ನಾನು. ನೋಡದೇ ಒತ್ತುತ್ತಾ ಇದ್ದೆ. ನೀವು ನನ್ನ ತಪ್ಪನ್ನೇ ಕಲ್ತ್ಕೊಂಡ್ರಿ. ಇನ್ಮೇಲೆ ಅದು ಕೂಗಿದ್ರೆ ನನ್ನನ್ನ ಕೂಗಿ, ಆಯ್ತಾ? ಎಷ್ಟು ಸಲ ಆದ್ರೂ ಸರಿ."

"ಬೈದುಕೊಳ್ಳಲ್ವಾ?"

"ಬೈದುಕೊಂಡ್ರೂ ಬರ್ತೀನಿ."

ಹೊರಗೆ ಬಂದು ಗೋಡೆಗೊರಗಿ ಫೋನು ತೆಗೆದಳು. ಸಿದ್ಧವಾಗಿದ್ದ ಮೆಸೇಜನ್ನು ಅಳಿಸಿದಳು. 'ಕೈ ಮಾಡಿದ್ದೂ ಬರೀರಿ, ಬಾಯಿ ಹೇಳಿದ್ದೂ ಬರೀರಿ' ಎಂದು ಹೊಸದಾಗಿ ಬರೆದು, ಎರಡನೆಯ ಸಲ ಓದದೆ ಕಳಿಸಿದಳು. ಡೆಲ್ ಅವರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ. ಎದೆ ಹಗುರಾಗಲಿಲ್ಲ. ಶಾಲೆ ಕರೆಯಲಿಕ್ಕಿಲ್ಲ ಎಂದು ಅವಳಿಗೆ ಮುಕ್ಕಾಲು ಪಾಲು ಖಾತ್ರಿಯಿತ್ತು.

"ಏನಾಯ್ತೇ?" ಕೇಳಿದಳು ಔಷಧಿಯ ಗಾಡಿ ತಳ್ಳುತ್ತ ಬಂದ ಯೋಲಂಡಾ. "ಬಸ್ಸು ಹೋಯ್ತಾ?"

"ಗೊತ್ತಿಲ್ಲ ಕಣೇ. ಕೈಯಂತೂ ತೋರಿಸಿದ್ದೀನಿ."

ಯೋಲಂಡಾ ಇವಳ ಮುಖವನ್ನು ಒಂದು ಗಳಿಗೆ ನೋಡಿದಳು. ಗಾಡಿಯ ಮೇಲಿದ್ದ ತನ್ನ ಬಿಸ್ಕತ್ತಿನ ಪೊಟ್ಟಣದಿಂದ ಎರಡು ತೆಗೆದು ಇವಳ ಜೇಬಿಗೆ ಹಾಕಿ ಮುಂದೆ ಹೋದಳು.

ಮಧ್ಯಾಹ್ನ ಟಾರಿನ್ ಸ್ಟ್ಯಾನ್ಲಿಯ ದಿಂಬು ಸರಿಪಡಿಸುತ್ತಿದ್ದಾಗ ಅಲಾರಂ ಮತ್ತೆ ಕೂಗಿತು. ಪದಬಂಧದ ಮೇಲಿದ್ದ ಜೆನಿವೀವ್‌ಳ ಕೈ ತಾನಾಗಿ ಮೇಲೆದ್ದು ಅರ್ಧದಲ್ಲಿ ನಿಂತಿತು. ಮುದುಕಿ ತನ್ನ ಕೈಯನ್ನೇ ಬೆರಗಿನಿಂದ ನೋಡಿಕೊಂಡು, ಆಮೇಲೆ ಟಾರಿನ್‌ಳನ್ನು ನೋಡಿದಳು. ಟಾರಿನ್ ರೋಗಿಯ ತುಟಿಯ ಬಣ್ಣ ನೋಡಿದಳು, ಎದೆಯ ಮೇಲೆ ಅಂಗೈ ಇಟ್ಟಳು. ಅವನು ಕೆಮ್ಮುತ್ತಿದ್ದ, ಅಷ್ಟೇ. ಅವಳು ಇನ್ನೊಂದು ಕುರ್ಚಿ ಎಳೆದುಕೊಂಡು ಮುದುಕಿಯ ಪಕ್ಕ ಕೂತು, ಗಾಳಿಯಲ್ಲಿ ನಿಂತಿದ್ದ ಆ ಕೈಯನ್ನು ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅಲಾರಂ ಕೂಗುತ್ತಲೇ ಇತ್ತು. ಇಬ್ಬರೂ ಅದನ್ನು ಕೇಳುತ್ತ, ಸ್ಟ್ಯಾನ್ಲಿಯ ಎದೆ ಏರಿಳಿಯುವುದನ್ನು ನೋಡುತ್ತ ಕೂತರು.